ಯಾವ ಅಜ್ಜಿ

"ಅಜ್ಜಿಗೆ ಉಸಿರು ಜೋರಾಗಿದೆ" ಎಂದ ಮೇಲೆ ಚಿಕ್ಕಮ್ಮ "ಬಾ" ಎಂದಳೇ, ಇಲ್ಲ ರೇಡಿಯೋದ ಗೊರಗೊರವೇ ಹಾಗೆ ಕೇಳಿಸಿತೇ? ಅಂದಿದ್ದರೂ, ಯಾವ ಅಜ್ಜಿ?

ಐತಾಲ್ ಜೌಗಿನ ಮೇಲೆ ಹಾಸಿದ ಹಲಗೆಯಲ್ಲಿ ಕುಕ್ಕುರುಗಾಲಲ್ಲಿ ಕುಳಿತೇ ಇದ್ದ. ಉತ್ತರದ ಹಿಮನಾಡಿನ ಕೊಲಿಮಾ ನದಿಯ ಈ ಸೀಮೆಯಲ್ಲಿ ಕೆರೆಯನ್ನು ಕೆರೆ ಎನ್ನುವುದಿಲ್ಲ. ದೊಡ್ಡ ನೀರಿಗೆ ಕಿವಿಯಿದೆ, ಅಜ್ಜಿ ಎನ್ನಬೇಕು. ಹಾಗೆಂದು ಅವನಿಗೆ ಕಲಿಸಿದವಳು ಅವನನ್ನು ಸಾಕಿದ ಅಜ್ಜಿಯೇ. ಬೇಸಿಗೆಯಿಡೀ ಚಿಕ್ಕಮ್ಮ ಅಕುಲೀನಾ ಅವನ ಲೆಕ್ಕಕ್ಕೆಂದು ಊರ ಕೆರೆಯ ಗುಳ್ಳೆ ನೋಡಿ ಬಂದು ರೇಡಿಯೋದಲ್ಲಿ ಹೇಳುತ್ತಿದ್ದಳು: "ಅಜ್ಜಿಗೆ ಇವತ್ತೂ ಹೊಟ್ಟೆ ಉಬ್ಬರ ಕಣೋ, ಗುಳುಗುಳು ಅಂತಿದ್ದಾಳೆ." ಹಿಂದಿನಿಂದ ಮನೆಯ ಅಜ್ಜಿ ಕೂಗುತ್ತಿದ್ದಳು: "ಯಾವಳಿಗೇ ಉಬ್ಬರ? ನಂಗಲ್ಲ ಅಂತ ಹೇಳು!"

ಇವತ್ತು ಹಿಂದಿನ ಆ ದನಿ ಕೇಳಿಸಿರಲಿಲ್ಲ.

ಎದುರಿಗೆ ಪಾಚಿಯಲ್ಲಿ ಹೂತ ಅಗಲವಾದ ಲೋಹದ ಬಳೆ, ಅದರ ಮೇಲೆ ಕವುಚಿದ ಪಾರದರ್ಶಕ ಪೆಟ್ಟಿಗೆ, ಅದರಿಂದ ನೆಲದ ಅನಿಲ ಅಳೆಯುವ ಯಂತ್ರಕ್ಕೆ ಹೋದ ಕೊಳವೆ. ಮೇಲಿನ ಮಣ್ಣು ಹೆಪ್ಪುಗಟ್ಟುತ್ತಿತ್ತು. ಕೆಳಗಿನದು ಎಂದೂ ಕರಗದ ನೆಲ. ನಡುವೆ ಸಿಕ್ಕ ಕೆಸರು ಹಿಂಡಿದಂತಾಗಿ, ಒಡಲಲ್ಲಿದ್ದ ಮೀಥೇನನ್ನು ಮೇಲಕ್ಕೆ ಕಕ್ಕುವುದು ಚಳಿ ಕಾಲಿಡುವ ಈ ಹೊತ್ತಿನಲ್ಲೇ. ಹೋದ ವರ್ಷ ಯಂತ್ರ ಕೆಟ್ಟು ಅದು ಕೈತಪ್ಪಿತ್ತು. ಈಗಲೂ ತಪ್ಪಿದರೆ ಅವನ ಸಂಶೋಧನೆಗೆ ಬೆನ್ನೆಲುಬೇ ಇಲ್ಲ.

"ಏ ಗಾಳಿ ಪಂಡಿತ!" ಗುಡಿಸಲಿನಿಂದ ಗವ್ರೀಲ್ ಬಂದ. ಜೌಗಿನಲ್ಲಿ ಉಬ್ಬು ಟೈರಿನ ಗಾಡಿ ಓಡಿಸುವವನು. "ಊರಿಂದ ಏನಂತೆ? ಗಾಡಿ ಶುರು ಮಾಡ್ಲಾ?"

"ಅಲ್ಲೇ ನಿಲ್ಲು ಮಾರಾಯ! ನೀನು ಕಾಲಿಟ್ರೆ ಗುಳ್ಳೆ ಏಳತ್ತೆ."

"ನನ್ನ ತೂಕದ ಮೇಲೇ ನಿನ್ನ ಕಣ್ಣು. ಏನಂತೆ ಅಂದೆ."

"ಕೆರೆ ವಿಷಯ."

ಗವ್ರೀಲ್ ಬೆಚ್ಚಿದ. "ಬಾಯಿಗೆ ಬಂದಹಾಗೆ ಕರೀಬೇಡ್ವೋ, ಕೇಳಿಸ್ಕೋತಾಳೆ." ಆಮೇಲೆ ಟೋಪಿಯೊಳಗೆ ಬೆರಳಾಡಿಸಿ, "ಆದ್ರೆ ಅವಳು ಮೊನ್ನೆನೇ ಹೆಪ್ಪುಗಟ್ಟಿದ್ಲಲ್ಲೋ?" ಎಂದ.

"ಎಲ್ಲೋ ಬಾಯಿ ಬಿಟ್ಟಿರ್ತಾಳೆ."

ನೀರಡಿಯಿಂದ ಗಾಳಿ ಜೋರಾಗಿ ಏಳುವ ಕಡೆ ಮಂಜುಗಡ್ಡೆ ಕೂರುವುದಿಲ್ಲ, ಅದೇನೋ ನಿಜವೇ. ಗವ್ರೀಲ್ ಒಳಗೆ ಹೋದ. ಐತಾಲನ ಕೈ ರೇಡಿಯೋದವರೆಗೆ ಹೋಯಿತು. ಗುಂಡಿ ಒತ್ತಿ "ಯಾವ ಅಜ್ಜಿ?" ಎಂದರೆ ಸಾಕಿತ್ತು. ಕೈ ಇನ್ನೊಂದು ಕೈಯ ಗವಸನ್ನು ಎಳೆದು ಸರಿಮಾಡಿ ಮರಳಿ ಬಂತು. ಅಷ್ಟರಲ್ಲಿ ಯಂತ್ರದ ಅಂಕಿ ಏರತೊಡಗಿತು. ನೆಲ ಕಕ್ಕುತ್ತಿತ್ತು. ಅವನು ಅದನ್ನೇ ನೋಡುತ್ತ ಕುಳಿತ. ಎಷ್ಟೋ ದಿನದಿಂದ ಕಾದಿದ್ದು ಬಂದಿತ್ತು, ಸಂತೋಷ ಮಾತ್ರ ಬರಲಿಲ್ಲ.

ಮರುದಿನ ಊರು ತಲುಪಿದಾಗ ಸಾವಾದ ಮನೆಯ ರೂಢಿಯಂತೆ ಕನ್ನಡಿಗೆ ಬಟ್ಟೆ ಹೊದಿಸಿದ್ದರು. ಹೆಂಗಸರು ಬೆಂಚಿನಲ್ಲಿ ಸರಿದು ಜಾಗ ಕೊಟ್ಟರು. ಅಜ್ಜಿಯ ಮಂಚದ ಪಕ್ಕದಲ್ಲಿ ಇನ್ನೂ ಅವಳ ಚಹಾದ ಬಟ್ಟಲು.

"ಬಾ ಅಂದೆನಲ್ಲೋ ಮಗಾ," ಎಂದಳು ಅಕುಲೀನಾ. "ಬಾಗಿಲನ್ನೇ ನೋಡ್ತಿದ್ಲು. ಗಾಡಿ ಸದ್ದಾಯ್ತಾ, ಗಾಡಿ ಸದ್ದಾಯ್ತಾ ಅಂತ." ಅವನ ಮುಖ ನೋಡಿ ಅವಳೇ ಕರಗಿದಳು. "ತಪ್ಪು ನಂದೇ ಬಿಡು. ಮನೆ ಅಜ್ಜಿ ಅಂತ ಬಿಡಿಸಿ ಹೇಳ್ಬೇಕಿತ್ತು. ನೀರನ್ನೂ ಸಾಕಿದವಳನ್ನೂ ಒಂದೇ ಹೆಸರಲ್ಲಿ ಕರೆಯೋ ಜನ ನಾವು. ನೀನು ಆ ಅಜ್ಜಿ ಅಂದ್ಕೊಂಡೆ, ಪಾಪ."

ಬಾಗಿಲಲ್ಲಿ ನಿಂತಿದ್ದ ಗವ್ರೀಲ್ ಕಿಟಕಿಯಾಚೆ ನೋಡಿದ. ಕೆರೆ ದಡದಿಂದ ದಡಕ್ಕೆ ಬೆಳ್ಳಗೆ ಮುಚ್ಚಿಕೊಂಡಿತ್ತು, ಎಲ್ಲೂ ಒಂದು ತೂತಿರಲಿಲ್ಲ. ಅವನು ಐತಾಲನ ಕಡೆ ತಿರುಗಲಿಲ್ಲ. "ಹೌದಕ್ಕ, ರೇಡಿಯೋ ಬರೀ ಗೊರಗೊರ," ಎಂದು ಟೋಪಿ ತೆಗೆದ.

ಐತಾಲ್ ತಲೆಯಾಡಿಸಿದ. ಯಾವ ಅಜ್ಜಿ ಎಂದು ತನಗೆ ಹಲಗೆಯ ಮೇಲೆಯೇ ಗೊತ್ತಾಗಿತ್ತು, ಗೊತ್ತಾದದ್ದಕ್ಕೇ ಗುಂಡಿ ಒತ್ತಲಿಲ್ಲ ಎಂಬುದನ್ನು ಅವನು ಚಿಕ್ಕಮ್ಮನಿಗೆ ಎಂದೂ ಹೇಳಲಿಲ್ಲ.