ವ್ಯಾನಕ್ಕನ ಕೊನೇ ಟ್ರಿಪ್ಪು

ಓಟಿನ ದಿನ ಬೀದಿಬೀದಿಯಲ್ಲಿ "ಮೊದಲು ಓಟು ಹಾಕಿ ಬನ್ನಿ, ಆಮೇಲೆ ಮಿಕ್ಕ ಕೆಲಸ ನೋಡ್ಕೊಳ್ಳಿ" ಅಂತ ಬುದ್ಧಿ ಹೇಳುತ್ತಾ ತಿರುಗಿದ ವ್ಯಾನಕ್ಕ, ಸಂಜೆ ಐದು ಹೊಡೆದರೂ ತನ್ನ ಓಟು ಹಾಕಿರಲಿಲ್ಲ. ಇದಕ್ಕೇನನ್ನಬೇಕೋ ನೀವೇ ಹೇಳಿ! ಬೆಳಗ್ಗೆ ತನ್ನ ಬೂತಿನ ಮುಂದೆಯೇ ಹಾದಳು. ಇಳಿಯೋಣ ಅನ್ನುವಷ್ಟರಲ್ಲಿ ಫೋನು ಬಡಿದುಕೊಂಡಿತು. ಮಧ್ಯಾಹ್ನ ಇನ್ನೊಂದು ಸಲ ಹಾದಳು. ಆಗ ವ್ಯಾನಿನಲ್ಲಿ ಆಕ್ಸಿಜನ್ ಸಿಲಿಂಡರು ತಬ್ಬಿಕೊಂಡ ಅಜ್ಜಿಯೊಬ್ಬರು ಕೂತಿದ್ದರು. "ಕೊನೇ ಟ್ರಿಪ್ಪು ಮುಗಿಸಿ ಹಾಕಿದರಾಯಿತು, ಬೂತೇನು ಓಡಿಹೋಗುತ್ತಾ" ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಅವಳು ಶಾಲೆಮಕ್ಕಳ ವ್ಯಾನು ಓಡಿಸುವವಳು. ವ್ಯಾನಕ್ಕ ಅನ್ನುವುದು ಮಕ್ಕಳು ಇಟ್ಟ ಹೆಸರು. ದೊಡ್ಡವರ ಬಾಯಿಗೂ ಅದೇ ಹತ್ತಿಬಿಟ್ಟಿತ್ತು. ಆವತ್ತು ಶಾಲೆಗೆ ರಜೆ, ವ್ಯಾನು ಒಕ್ಕೂಟದ ಕೆಲಸಕ್ಕೆ, ಅಂದರೆ ನಡೆಯಲಾಗದವರನ್ನು ಬೂತಿಗೆ ಕರೆದೊಯ್ಯುವುದಕ್ಕೆ. ಒಕ್ಕೂಟ ಅಂದಕೂಡಲೆ ದೊಡ್ಡ ಕಟ್ಟಡ, ತಣ್ಣನೆ ಕೋಣೆ ಅಂದುಕೊಳ್ಳಬೇಡಿ. ನರ್ಸುಗಳ ಸಂಘ, ಕಸ ಗುಡಿಸುವವರ ಸಂಘ, ಬಾಡಿಗೆದಾರರ ಸಂಘ, ಗಾಲಿಕುರ್ಚಿಯವರ ಸಂಘ ಸೇರಿ ಮಾಡಿಕೊಂಡದ್ದು. ಯಾರ ಹೆಸರು ಮೊದಲು ಬರಬೇಕು ಅಂತ ಕಿತ್ತಾಡಿ, ಕೊನೆಗೆ ಬ್ಯಾನರೇ ಬೇಡ ಅಂತ ಕೈಬಿಟ್ಟ ಮಹಾನುಭಾವರು ಇವರು. ಮೊದಲ ಸಭೆಯನ್ನು ಟೈಲರ್ ಅಂಗಡಿಯ ಮಹಡಿ ಮೇಲೆ ಕರೆದಿದ್ದರು. ಎಲ್ಲರ ಹಕ್ಕು, ಎಲ್ಲರ ಓಟು ಅಂತ ಮೇಲೆ ಭಾಷಣ ನಡೆಯುತ್ತಿತ್ತು. ಕೆಳಗಿನಿಂದ ಫೋನು ಬಂತು. "ನಾವು ಗಾಲಿಕುರ್ಚಿಯವರು. ರಸ್ತೇಲಿದೀವಿ. ಮೆಟ್ಟಿಲು ನೀವು ಇಳೀತೀರೋ, ನಾವು ಹತ್ತಬೇಕೋ?" ಎಲ್ಲರ ಮುಖ ಹುಳ್ಳಗಾಯಿತು. ಕುರ್ಚಿಗಳನ್ನು ಹೊತ್ತುಕೊಂಡು ಎಲ್ಲರೂ ಕೆಳಗಿಳಿದು ಬಂದು, ಫುಟ್‌ಪಾತಿನ ಮೇಲೆ ಸಭೆ ಮುಗಿಸಿದರು.

ಕೆಲಸ ಹಂಚಿಕೊಂಡದ್ದೂ ಅಲ್ಲೇ. ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಅನ್ನುವುದು ಕಸ ಗುಡಿಸುವವರಿಗೆ ಗೊತ್ತು. ಮನೆ ಬದಲಾಯಿಸಿದವರ ಹೆಸರು ಮತದಾರರ ಪಟ್ಟಿಯಿಂದ ಹಾರಿಹೋಗಿದ್ದರೆ, ಕಚೇರಿ ಅಲೆದು ಮತ್ತೆ ಸೇರಿಸುವುದು ಬಾಡಿಗೆದಾರರ ಪಾಲು. ನರ್ಸುಗಳು ಫೋನಿನ ಮುಂದೆ. ಗಾಲಿಕುರ್ಚಿಯವರ ಮುಖಂಡ, ಝೆರಾಕ್ಸ್ ಅಂಗಡಿ ಇಟ್ಟುಕೊಂಡ ಮನುಷ್ಯ, ಒಂದೇ ಒಂದು ಷರತ್ತು ಹಾಕಿದ.

"ನಮ್ಮನ್ನ ಎತ್ತಿಕೊಂಡು ಹೋಗೋರಿಗೆ ಯಾವತ್ತೂ ಬರ ಇಲ್ಲ. ಆದರೆ ಎತ್ತೋ ಮುಂಚೆ 'ನಮಗೇ ತಾನೆ?' ಅಂತಾರೆ. ಎತ್ತಿದೋನಿಗೆ ಓಟು! ನಮ್ಮ ವ್ಯಾನಲ್ಲಿ ಆ ಮಾತು ಕೇಳಂಗಿಲ್ಲ. ಯಾರು ಫೋನ್ ಮಾಡಿದರೂ ಹೋಗಬೇಕು. ಒಪ್ಪಿದರೆ ನಾವಿದೀವಿ, ಇಲ್ಲಾಂದ್ರೆ ನಮಸ್ಕಾರ."

ಎಲ್ಲರೂ ಒಪ್ಪಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಮ್ಮ ವ್ಯಾನಕ್ಕನೇ. ಚಪ್ಪಾಳೆಗೇನು ಬಿಡಿ, ಕೈಯಿದ್ದರೆ ಸಾಕು.

ಐದು ಗಂಟೆ ದಾಟಿದ ಮೇಲೆ, ಸದ್ಯ ಮುಗಿಯಿತಪ್ಪ ಅಂತ ಅವಳು ವ್ಯಾನನ್ನು ತನ್ನ ಬೂತಿನ ಕಡೆ ತಿರುಗಿಸಿದ್ದಳು. ಆಗ ನರ್ಸಿನ ಫೋನು ಬಂತು.

"ವ್ಯಾನಕ್ಕ, ಇನ್ನೊಂದೇ ಒಂದು. ಡಿಪೋ ಹಿಂದಿನ ಬೀದಿ, ಹಸಿರು ಗೇಟಿನ ಮನೆ. ಗಾಲಿಕುರ್ಚಿ. ಬೆಳಗ್ಗೆಯಿಂದ ಕಾಯ್ತಾ ಕೂತಿದಾರಂತೆ ಪಾಪ."

ವ್ಯಾನಕ್ಕ ಗಾಡಿಯನ್ನು ರಸ್ತೆ ಪಕ್ಕಕ್ಕೆ ನಿಲ್ಲಿಸಿದಳು. "ಇನ್ನೊಂದು ವ್ಯಾನು ಕಳಿಸಿ ಸಿಸ್ಟರ್. ನಂದಿನ್ನೂ ಓಟಾಗಿಲ್ಲ."

"ಅದು ಟಯರು ಒಡಕೊಂಡು ನಿಂತಿದೆ. ಏನಂದೆ? ನಿಂದಾಗಿಲ್ವಾ? ಊರಿಗೆಲ್ಲ ಬುದ್ಧಿ ಹೇಳ್ತಿದ್ದೆಯಲ್ಲಮ್ಮ!" ಅಂದರು ಸಿಸ್ಟರ್. "ಹೋಗಲಿ, ಆಗಲ್ಲ ಅಂತ ಹೇಳಿಬಿಡ್ಲಾ ಅವರಿಗೆ?"

ಹೂಂ ಅಂದುಬಿಟ್ಟಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಆರು ಗಂಟೆಗೆ ಬೂತಿನ ಗೇಟು ಹಾಕುತ್ತಾರೆ. ಅಷ್ಟರೊಳಗೆ ಗೇಟಿನ ಒಳಗಿದ್ದವರಿಗಷ್ಟೇ ಓಟು. ಅವಳ ಬೂತು ಊರಿನ ಈ ತುದಿ, ಡಿಪೋ ಆ ತುದಿ. ಎರಡೂ ಆಗುವ ಮಾತಲ್ಲ.

ನಗರಸಭೆಯ ಆ ಚುನಾವಣೆಯಲ್ಲಿ ಇದ್ದದ್ದು ಒಂದೇ ವಿಷಯ. ಏಣಿ ಗುರುತಿನವರು ಗೆದ್ದರೆ ಮುಚ್ಚಿಹೋದ ಬಸ್ ಡಿಪೋವನ್ನು ಮತ್ತೆ ತೆರೆದು, ಊರಿನ ಈ ತುದಿಯಿಂದ ಅಲ್ಲಿಗೆ ಅಗಲವಾದ ರಸ್ತೆ ಮಾಡುತ್ತಾರೆ. ಆ ರಸ್ತೆಗೆ ಅಡ್ಡ ಇರುವುದು ಒಂದು ವಠಾರ. ಬುಟ್ಟಿ ಗುರುತಿನವರು ಗೆದ್ದರೆ ವಠಾರ ಉಳಿಯುತ್ತದೆ. ಆ ವಠಾರದ ಕೊನೇ ಮನೆ ವ್ಯಾನಕ್ಕನದು. ಗಂಡ ಕಣ್ಣುಮುಚ್ಚಿದ್ದು ಅಲ್ಲಿ, ಮಗಳು ಓದಿ ದೊಡ್ಡವಳಾದದ್ದು ಅಲ್ಲಿ. ಬಾಡಿಗೆ ಮನೆಯೇ ಇರಬಹುದು, ಕತ್ತಲಲ್ಲಿ ಸ್ವಿಚ್ಚು ಎಲ್ಲಿದೆ ಅಂತ ಅವಳ ಕೈಗೆ ಗೊತ್ತಿರುವುದು ಅದೊಂದೇ ಮನೆಯಲ್ಲಿ.

ಮತ್ತೆ ಆ ಹಸಿರು ಗೇಟಿನ ಮನೆ? ಅದು ಅವಳ ಸ್ವಂತ ಅಣ್ಣನದು.

ಅಣ್ಣ ಬಸ್ಸಿನ ಕಂಡಕ್ಟರಾಗಿದ್ದವನು. "ಹೆಂಗಸಿಗ್ಯಾಕೆ ಸ್ಟೇರಿಂಗು" ಅಂತ ಊರು ಮೂಗು ಮುರಿದಾಗ, ಡಿಪೋದ ಖಾಲಿ ಅಂಗಳದಲ್ಲಿ ಅವಳಿಗೆ ಗಾಡಿ ಕಲಿಸಿದವನು ಅವನೇ. ಡಿಪೋ ಮುಚ್ಚಿದ ದಿನ ಮನೆಗೆ ಬಂದು ಮಕ್ಕಳ ಹಾಗೆ ಅತ್ತಿದ್ದ. ಡಿಪೋ ತೆರೆಸುತ್ತೇವೆ ಅಂದವರ ಹಿಂದೆ ಅವನು ಹೋಗಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಹೋದ ಚುನಾವಣೆಯಲ್ಲಿ ಜೀಪಿನ ಮೇಲೆ ನಿಂತು, ಮೈಕು ಹಿಡಿದು ಅಂದಿದ್ದ: "ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ! ಬಾಡಿಗೆಯವರಿಗೆ ಈ ಊರಿನ ಮೇಲೆ ಏನ್ರೀ ಹಕ್ಕಿದೆ?" ತಂಗಿ ಗುಂಪಿನಲ್ಲೇ ನಿಂತಿದ್ದಳು. ಅವತ್ತಿನಿಂದ ಮಾತು ಬಿಟ್ಟಳು. ಅವನಿಗೆ ಲಕ್ವ ಹೊಡೆದಾಗ ಆಸ್ಪತ್ರೆಯ ವಾರ್ಡಿನ ಬಾಗಿಲ ತನಕ ಹೋಗಿ, ಒಳಗೆ ಕಾಲಿಡದೆ ಹಿಂದಿರುಗಿದ್ದಳು.

"ಏನ್ ಹೇಳ್ಲಿ ವ್ಯಾನಕ್ಕ?" ಅಂದರು ಸಿಸ್ಟರ್.

"ಹೋಗ್ತಿದೀನಿ ಅನ್ನಿ," ಅಂದಳು. ಅಂದವಳು ಸುಮ್ಮನೆ ಹೋದಳಾ? ದಾರಿಯುದ್ದಕ್ಕೂ ಆ ಝೆರಾಕ್ಸ್ ಅಂಗಡಿಯವನಿಗೆ ಹಿಡಿಶಾಪ ಹಾಕಿಕೊಂಡೇ ಹೋದಳು.

ಬಾಗಿಲು ತೆಗೆದ ಅತ್ತಿಗೆ ಬಾಯಿ ಮೇಲೆ ಕೈಯಿಟ್ಟುಕೊಂಡರು. ಹಿಂದೆ, ಗಾಲಿಕುರ್ಚಿಯಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಅಣ್ಣ ಕೂತಿದ್ದ. ಬಲಗೈ ತೊಡೆಯ ಮೇಲೆ ಸತ್ತಂತೆ ಬಿದ್ದಿತ್ತು. ಇಷ್ಟು ಸಣ್ಣಗಾಗಿದ್ದಾನಾ ಅಂದುಕೊಂಡಳು.

"ನಿನ್ನ ಯಾರು ಕರೆದರು?" ಅಂದ ಅಣ್ಣ. "ನಾನು ಫೋನ್ ಮಾಡಿದ್ದು ವ್ಯಾನಿಗೆ."

"ನಾನೇ ವ್ಯಾನು."

"ಬೆಳಗ್ಗೆಯಿಂದ ಹೀಗೇ ಕೂತಿದಾರಮ್ಮ," ಅಂದರು ಅತ್ತಿಗೆ. "ಜೀಪು ಕಳಿಸ್ತೀವಿ ಅಂದೋರು ಪತ್ತೇನೇ ಇಲ್ಲ. ಕೇಳಿದ್ರೆ, 'ಕಂಡಕ್ಟರ್ ನಮ್ಮವರೇ, ಅವರ ಓಟೆಲ್ಲಿ ಹೋಗುತ್ತೆ, ಮೊದಲು ಅನುಮಾನದೋರ್ನ ಕರಕೊಂಡು ಬರ್ತೀವಿ' ಅಂತಾರೆ. ಆಮೇಲೆ ಫೋನೇ ಎತ್ತಲಿಲ್ಲ. ಆಸ್ಪತ್ರೆ ಗೋಡೆ ಮೇಲೆ ನಿಮ್ಮ ನಂಬರು ನೋಡಿದ್ದೆ, ಅದಕ್ಕೇ ನಾನೇ ಮಾಡಿಸಿದೆ."

"ಏಯ್, ಸುಮ್ನಿರೇ ನೀನು," ಅಂತ ಅಣ್ಣ ಗದರಿದ. ಆಮೇಲೆ ಗೋಡೆ ನೋಡುತ್ತಾ ಅಂದ: "ನಾನು ಯಾರಿಗೆ ಹಾಕ್ತೀನಿ ಅಂತ ಗೊತ್ತಲ್ಲ ನಿಂಗೆ?"

"ನಮ್ಮ ಗಾಡೀಲಿ ಆ ಮಾತು ಕೇಳಂಗಿಲ್ಲ, ಹೇಳಂಗೂ ಇಲ್ಲ. ಬರ್ತೀಯೋ ಇಲ್ವೋ? ಟೈಮಾಯ್ತು."

ಹಲಗೆ ಹಾಕಿ, ಕುರ್ಚಿಯನ್ನು ವ್ಯಾನಿನೊಳಗೆ ತಳ್ಳಿ, ಬೆಲ್ಟು ಬಿಗಿದಳು. ಸ್ಟೇರಿಂಗು ಹಿಡಿದಾಗ ಹಿಂದಿನಿಂದ, ತಡೆಯಲಾರದೆ ಬಂತು ಹಳೇ ದನಿ: "ರೈಟ್!"

ಅವಳಿಗೆ ನಗು ಬಂತು. ತುಟಿ ಕಚ್ಚಿಕೊಂಡಳು.

ಎರಡು ತಿರುವು ದಾಟಿದ ಮೇಲೆ ಅಣ್ಣ ಕೇಳಿದ. "ನಿಂದಾಯ್ತಾ?"

"ಏನು?"

"ಓಟು ಕಣೇ."

"ಓ, ಬೆಳಗ್ಗೇನೇ ಆಯ್ತು."

"ಬೆರಳು ತೋರಿಸು."

"ಗಾಡಿ ಓಡಿಸ್ತಿದೀನಿ, ಕಾಣಿಸ್ತಿಲ್ವಾ?"

"ಹೋಲ್ಡಾನ್!" ಅಂತ ಅಣ್ಣ ಕೂಗಿದ ಕೂಗಿಗೆ ಅವಳ ಕಾಲು ತಾನಾಗಿ ಬ್ರೇಕು ತುಳಿಯಿತು. ಹಿಂದಿನ ಗಾಡಿಯವನು ಹಾರನ್ನು ಹೊಡೆದ. "ಜನ್ಮವೆಲ್ಲ ಟಿಕೆಟ್ ಇಲ್ದೋರ ಮುಖ ನೋಡಿದೀನಿ ನಾನು. ಸುಳ್ಳು ಹೇಳಿದರೆ ಕತ್ತು ನೋಡಿದ್ರೇ ಗೊತ್ತಾಗುತ್ತೆ. ತಿರುಗಿಸು ಗಾಡಿ. ನಿನ್ನ ಬೂತಿಗೆ ನಡಿ."

"ಕರೆದೋರು ಮೊದಲು. ಅದು ನಮ್ಮ ರೂಲು."

"ನಿನ್ನ ಓಟು ಕಳೆದು ನನ್ನ ಓಟು ಹಾಕಿಸ್ತೀಯಾ? ತಲೆ ನೆಟ್ಟಗಿದೆಯಾ ನಿಂಗೆ?"

"ನಂದು ಬಿಡು, ತಪ್ಪು ನಂದೇ. ಬೆಳಗ್ಗೆ ಹಾಕಬೇಕಿತ್ತು, ಹಾಕಲಿಲ್ಲ. ನೀನು ಬೆಳಗ್ಗೆಯಿಂದ ಕಾದಿದೀಯ."

ನೋಡಿ ಇವರ ಜಗಳ! ಇಷ್ಟು ದಿನ ಮಾತೇ ಇಲ್ಲದವರು, ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿಕೊಂಡು, ನಿನ್ನದು ಮೊದಲು, ನಿನ್ನದು ಮೊದಲು ಅಂತ ಕಿರುಚಾಡುತ್ತಿದ್ದರು. ಹಿಂದೆ ಹಾರನ್ನುಗಳ ಸುರಿಮಳೆ. ಕೊನೆಗೆ ಸ್ಟೇರಿಂಗು ಯಾರ ಕೈಯಲ್ಲಿತ್ತೋ ಅವರ ಮಾತು ನಡೆಯಿತು.

ಅಣ್ಣನ ಬೂತಿದ್ದ ಡಿಪೋ ಶಾಲೆಯ ಗೇಟು ಅರ್ಧ ಮುಚ್ಚಿತ್ತು. "ಬಂದ್ವಿ, ಬಂದ್ವಿ!" ಅಂತ ಕೂಗುತ್ತಾ ಕುರ್ಚಿಯನ್ನು ಒಳಗೆ ತಳ್ಳಿದಳು. ಹಿಂದೆ ಗೇಟು ಧಡ್ ಅಂತ ಬಿತ್ತು. ಊರಿನ ಇನ್ನೊಂದು ತುದಿಯಲ್ಲಿ ತನ್ನ ಗೇಟೂ ಈಗ ಬಿದ್ದಿರುತ್ತದೆ ಅಂದುಕೊಂಡಳು.

ಬೂತಿಗೆ ನಾಲ್ಕು ಮೆಟ್ಟಿಲು. ಇಳಿಜಾರು ಹಾಕಿಸುತ್ತೇವೆ ಅಂತ ಮಾತು ಕೊಟ್ಟವರು ಎಲ್ಲಿದ್ದರೋ. ಅವಳು ಕುರ್ಚಿಯ ಜೊತೆಗೇ ತಂದಿದ್ದ ತನ್ನ ಹಲಗೆಯನ್ನೇ ಹಾಕಿದಳು. ಅಂಗಳದಲ್ಲಿದ್ದ ಏಣಿಯವರ ಕಾರ್ಯಕರ್ತನೊಬ್ಬ ಹಲ್ಲುಕಿರಿಯುತ್ತಾ ಓಡಿ ಬಂದ. "ಓಹೋ, ಕಂಡಕ್ಟ್ರೇ! ಜೀಪು ಇನ್ನೇನು ಬರ್ತಿತ್ತು. ಬನ್ನಿ ಬನ್ನಿ, ಕೈ ಆಡಲ್ಲವಲ್ಲ ನಿಮಗೆ, ಮುದ್ರೆ ಒತ್ತೋಕೆ ನಾನೇ ಜೊತೆಗೆ ಬರ್ತೀನಿ."

ಒಳಗೆ ಅಧಿಕಾರಿಣಿ ಅದನ್ನೇ ಕೇಳಿದರು. "ಕೈ ಸ್ವಾಧೀನ ಇಲ್ಲದವರು ನಂಬಿಕಸ್ತರೊಬ್ಬರನ್ನ ಕರ್ಕೊಂಡು ಹೋಗಬಹುದು. ನೀವು ಹೇಳಿದ ಗುರುತಿನ ಮೇಲೆ ಅವರು ಮುದ್ರೆ ಒತ್ತುತ್ತಾರೆ. ಯಾರು ಬರ್ತಾರೆ?"

ಅಣ್ಣ ಕಾರ್ಯಕರ್ತನ ಕಡೆ ತಿರುಗಿಯೂ ನೋಡಲಿಲ್ಲ. "ನನ್ನ ತಂಗಿ," ಅಂದ.

ಗುಟ್ಟು ಬಿಡುವುದಿಲ್ಲ ಅಂತ ಅವಳ ಕೈಲಿ ಸಹಿ ಹಾಕಿಸಿಕೊಂಡು, ಅಣ್ಣನ ಎಡಗೈ ಬೆರಳಿಗೆ ಶಾಯಿ ಹಚ್ಚಿದರು. ಆಮೇಲೆ ಅವಳ ಬಲಗೈ ಬೆರಳಿಗೂ ಹಚ್ಚಿದರು. ಜೊತೆಗೆ ಬಂದವರು ಇನ್ನೊಬ್ಬರಿಗೆ ಮತ್ತೆ ಬರಬಾರದಲ್ಲ, ಅದಕ್ಕೆ ಅಂತೆ. ಬೆಳಗ್ಗೆಯಿಂದ ಬೋಳಾಗಿದ್ದ ಬೆರಳಿಗೆ ಅಂತೂ ಶಾಯಿ ಬಿತ್ತು.

ರಟ್ಟಿನ ಮರೆಯ ಹಿಂದೆ ಇಬ್ಬರೇ. ಕಾಗದದ ಮೇಲೆ ಏಣಿ, ಅದರ ಕೆಳಗೆ ಬುಟ್ಟಿ. ಮುದ್ರೆ ಅವಳ ಕೈಯಲ್ಲಿ.

ಅಣ್ಣ ಪಿಸುಗುಟ್ಟಿದ. "ನಿಂಗೆ ಬೇಕಾದ್ದಕ್ಕೆ ಒತ್ತಮ್ಮ."

ಅವಳ ಕೈ ಅಲ್ಲೇ ನಿಂತಿತು. ಬುಟ್ಟಿ ಕಣ್ಣೆದುರಿಗೇ ಇತ್ತು. ಕಳೆದುಹೋದ ಓಟು ಮರಳಿ ಕೈಗೆ ಬಂದಿತ್ತು, ಅದೂ ಅಣ್ಣನೇ ಕೊಟ್ಟದ್ದು. ನೋಡುವವರು ಯಾರೂ ಇಲ್ಲ, ಕೇಳುವವರು ಯಾರೂ ಇಲ್ಲ. ವಠಾರ, ಕೊನೇ ಮನೆ, ಸ್ವಿಚ್ಚು. ಆಸೆಯಾಯಿತು. ಆಗಲಿಲ್ಲ ಅಂದರೆ ಸುಳ್ಳಾದೀತು, ತುಂಬಾ ಆಸೆಯಾಯಿತು.

"ಗಾಡಿ ಹತ್ತಿದ್ದಕ್ಕೆ ಟಿಕೆಟ್ ದುಡ್ಡು ಕೊಡ್ತಿದೀಯಾ?" ಅಂದಳು. "ಎತ್ತಿದೋರಿಗೆ ಓಟು ಅಂತ ಆದರೆ ನಿನ್ನ ಜೀಪಿಗೂ ನನ್ನ ವ್ಯಾನಿಗೂ ಏನಣ್ಣ ವ್ಯತ್ಯಾಸ? ಇದು ನಿಂದು. ನಿನ್ನ ಮನಸ್ಸಲ್ಲಿ ಏನಿದೆಯೋ ಅದು ಹೇಳು."

ಅಣ್ಣ ಕಾಗದದ ಮೇಲಿನ ಎರಡೂ ಗುರುತನ್ನು ನೋಡಿದ. ಅವನ ಕಣ್ಣಲ್ಲಿ ನೀರು ತುಂಬಿತ್ತು. "ಡಿಪೋ ಮತ್ತೆ ತೆಗೀಬೇಕು ಕಣೇ," ಅಂದ ಕೊನೆಗೆ. "ಸಾಯೋದ್ರೊಳಗೆ ಆ ಅಂಗಳದಲ್ಲಿ ಬಸ್ಸು ನಿಂತಿರೋದು ನೋಡಬೇಕು. ಏಣಿ."

ಅವಳು ಮುದ್ರೆಯನ್ನು ಏಣಿಯ ಮೇಲೆ, ಗೆರೆಗೆ ತಾಗದ ಹಾಗೆ, ಸರಿಯಾಗಿ ನಡುವೆ ಒತ್ತಿದಳು. ಶಾಯಿ ಆರುವ ತನಕ ಊದಿ, ಅವನಿಗೆ ತೋರಿಸಿ, ಮಡಿಸಿ, ಪೆಟ್ಟಿಗೆಯ ಬಾಯಿಗೆ ಅವನ ಎಡಗೈಯಿಂದಲೇ ಹಾಕಿಸಿದಳು.

ಹೊರಗೆ ಬಂದಾಗ ಕಾರ್ಯಕರ್ತ ಕಾಯುತ್ತಿದ್ದ. ಅವಳ ಕಡೆ ಓರೆಗಣ್ಣು ಬಿಟ್ಟು, ಅಣ್ಣನ ಕಿವಿಯ ಹತ್ತಿರ ಬಗ್ಗಿದ. "ಕಂಡಕ್ಟ್ರೇ, ನಮಗೇ ತಾನೆ?"

"ಅದನ್ನ ಕೇಳಂಗಿಲ್ಲ," ಅಂದ ಅಣ್ಣ. "ದಾರಿ ಬಿಡಿ."

ವ್ಯಾನು ಹತ್ತಿಸಿ ಬೆಲ್ಟು ಬಿಗಿಯುವಾಗ ಅವನು ಎಡಗೈಯಿಂದ ಅವಳ ಬಲಗೈ ಹಿಡಿದು, ಶಾಯಿಯ ಬೆರಳನ್ನು ನೋಡಿದ. "ಜೀಪಿನ ಮೇಲೆ ನಿಂತು ಅವತ್ತು ಅಂದೆನಲ್ಲ, ಬಾಡಿಗೆಯವರಿಗೆ ಏನು ಹಕ್ಕಿದೆ ಅಂತ. ಹಾಗನ್ನಬಾರದಿತ್ತು. ಅಂದ ಮೇಲೆ ಒಂದು ದಿನಾನೂ ನೆಮ್ಮದಿಯಾಗಿ ನಿದ್ದೆ ಮಾಡಿಲ್ಲ ಕಣೇ."

ಅವಳು ಅತ್ತಳು. ಅಷ್ಟು ದಿನದ್ದನ್ನೆಲ್ಲ ಒಟ್ಟಿಗೆ ಅತ್ತು, ಸೆರಗಿನಿಂದ ಮೂಗೊರೆಸಿಕೊಂಡು ಗಾಡಿ ಹೊರಡಿಸಿದಳು. ಎಡಕ್ಕೆ ತಿರುಗಿದರೆ ಹಸಿರು ಗೇಟು. ಅವಳು ಇಂಡಿಕೇಟರ್ ಹಾಕಿದಳು.

"ಎಡಕ್ಕೆ ಬೇಡ," ಅಂದ ಅಣ್ಣ. "ನೆಟ್ಟಗೆ ನಡಿ. ನಿನ್ನ ವಠಾರಕ್ಕೆ."

"ಅಲ್ಲಿಗ್ಯಾಕೆ?"

"ಆ ಜೀಪು ಹತ್ತಿದ ಮೇಲೆ ಒಂದು ದಿನಾನೂ ನಿನ್ನ ಮನೆಯೊಳಗೆ ಕಾಲಿಟ್ಟವನಲ್ಲ ನಾನು. ಏನನ್ನ ಕೆಡವಿ ಅಂತ ಓಟು ಹಾಕಿ ಬಂದಿದೀನಿ ಅಂತ ಕಣ್ಣಾರೆ ನೋಡಬೇಡ್ವೇನೇ?"

ಅವಳು ಇಂಡಿಕೇಟರ್ ಆರಿಸಿದಳು. "ಹೊಸಿಲು ಎತ್ತರ ಇದೆ," ಅಂದಳು.

"ಹಲಗೆ ಇದೆಯಲ್ಲ."

"ಇದೆ."

"ಮತ್ತಿನ್ನೇನು? ರೈಟ್."