ದಿನ್ನೆಗೆ ಹೊತ್ತ ಹರಕೆ

ಎಳ್ಳಮಾಸೆ ಕಳೆದು ನಾಲ್ಕು ದಿನವಾಗಿತ್ತು. ಹಿಪ್ಪರಗಿಯ ಹೊಳೆದಂಡೆಯಲ್ಲಿ ಕಬ್ಬು ಕಡಿಯುವ ಕೆಲಸ ಜೋರಾಗಿ ನಡೆದಿತ್ತು. ಬಸಗೊಂಡಪ್ಪನ ಎರಡು ಎಕರೆ ಹಿಂದಿನ ದಿನವಷ್ಟೇ ಖಾಲಿಯಾಗಿತ್ತು. ಹೊಲದ ತುಂಬ ರವದಿ, ಕಬ್ಬಿನ ಒಣಗರಿ, ಮೊಣಕಾಲಮಟ್ಟ ಬಿದ್ದಿತ್ತು. ಸಂಜೆ ಅದಕ್ಕೆ ಬೆಂಕಿ ಹಚ್ಚುವುದೆಂದು ಗೊತ್ತಾಗಿತ್ತು. ಅವನ ಹೆಂಡತಿ ರತ್ನಾಬಾಯಿ ಎಮ್ಮೆಗಳಿಗಾಗಿ ಕಬ್ಬಿನ ಹಸಿರು ತುದಿಗಳನ್ನು ಆರಿಸಿ ಹೊರೆ ಕಟ್ಟುತ್ತಿದ್ದಳು.

ಹೊಲದ ಮೂಲೆಯಲ್ಲಿ ಒಂದು ದಿನ್ನೆ, ಅದರ ಮೇಲೊಂದು ಹಳೆಯ ಅತ್ತಿಮರ. ಬಸಗೊಂಡಪ್ಪ ಮರದ ಬೊಡ್ಡೆಗೆ ಸುಣ್ಣದ ಗೆರೆ ಎಳೆಯುತ್ತಿದ್ದ. ಮರುದಿನ ಮರ ಕೊಯ್ಯುವ ಸಾಬಣ್ಣ ಬರುವವನಿದ್ದ. ಆಮೇಲೆ ಜೆಸಿಬಿ ತರಿಸಿ ದಿನ್ನೆ ಹರವಿದರೆ ಇನ್ನೂ ಎಂಟು ಗುಂಟೆ ಕಬ್ಬಿಗೆ ಸಿಗುತ್ತಿತ್ತು.

ಅಷ್ಟರಲ್ಲಿ ಪಕ್ಕದ ಹೊಲದ ವಾಸುದೇವ ಮಾಸ್ತರರ ಮಗಳು ಮೃಣ್ಮಯಿ ಕೊರಳಿಗೆ ದುರ್ಬೀನು ಹಾಕಿಕೊಂಡು ಬಂದಳು. ಅವಳದು ಹಕ್ಕಿಗಳ ಅಧ್ಯಯನ. ವರ್ಷದಲ್ಲಿ ನಾಲ್ಕು ತಿಂಗಳು ಸಹ್ಯಾದ್ರಿಯ ಎತ್ತರದ ಕಾಡುಗಳಲ್ಲಿರುತ್ತಾಳೆ. ರಜೆಗೆಂದು ಜಮಖಂಡಿಯ ತಂದೆಯ ಮನೆಗೆ ಬಂದಿದ್ದಳು.

"ಕಾಕಾ, ಇದೇನ್ರಿ ಗೆರಿ?"

"ಕೊಯ್ಯಾಕ ಗುರ್ತು, ತಂಗಿ. ಹಕ್ಕಿ ಎಣಸೂದಿದ್ರ ಇವತ್ತ ಎಣಿಸಿ ಮುಗಸು. ನಾಳಿಂದ ನಿನ್ನ ಲೆಕ್ಕ ಹಗುರ ಆಕ್ಕೈತಿ."

"ಬೆಳಕ ಹರದಾಗಿಂದ ನಮ್ಮ ಹೊಲದಾಗ ನಿಂತು ಇದೊಂದು ಮರದಾಗ ಹದಿನಾಲ್ಕು ಥರದ ಹಕ್ಕಿ ನೋಡೇನ್ರಿ. ಅವೆಲ್ಲಾ ಎಲ್ಲಿ ಹೋಗಬೇಕು?"

"ಅವಕ್ಕೇನ, ರೆಕ್ಕಿ ಅದಾವ. ಇಲ್ಲಿ ಇಲ್ಲಂದ್ರ ಮತ್ತೊಂದ ಕಡಿಗಿ ಹೊಕ್ಕಾವ. ನಮ್ಮಂಗ ಹೊಲದ ಉತಾರಿ ಕಾಗದ ಹಿಡಕೊಂಡ ಕುಂತಾವೇನು?"

ರತ್ನಾಬಾಯಿ ನಕ್ಕಳು. ಮೃಣ್ಮಯಿಯೂ ನಕ್ಕು ಬೇರಿನ ಮೇಲೆ ಕೂತಳು.

"ಬೆಟ್ಟದ ಹಕ್ಕಿಗೂ ರೆಕ್ಕಿ ಅದಾವ್ರಿ ಕಾಕಾ. ನಾವಲ್ಲಿ ಸಣ್ಣ ಬಲಿ ಕಟ್ಟಿ ಹಕ್ಕಿ ಹಿಡದು, ಕಾಲಿಗೆ ಒಂದು ಬಳಿ ಹಾಕಿ, ಬರಕೊಂಡು ಬಿಟ್ಟಬಿಡ್ತೀವಿ. ಇಪ್ಪತ್ತೈದು ವರ್ಷದ ಹಿಂದ ಈ ಕೆಲಸದಾಗಿನ ನಮ್ಮ ಹಿರ್‍ಯಾರು ಬೆಟ್ಟದ ನಟ್ಟನಡಕ ಹಿಡದಿದ್ದ ಹಕ್ಕಿ ಈಗ ಅಲ್ಲಿ ಸಿಗೂದಿಲ್ಲ. ಮ್ಯಾಲ ಹೋದ್ರ ಸಿಗತಾವ. ಕೆಳಗ ಸೆಕಿ ಹೆಚ್ಚಾತು, ತಂಪು ಮ್ಯಾಲ ಸರೀತು, ಅದರ ಬೆನ್ನ ಹತ್ತಿ ಅವೂ ಏರಿದ್ವು."

"ನಾ ಹೇಳಿದ್ದೂ ಅದೇ. ಏರಿದ್ವು, ಉಳದ್ವು."

"ನೆತ್ತಿ ಮ್ಯಾಲ ಒಂದು ಹಿಡಿಯಷ್ಟ ನೀಲಿ ಹಕ್ಕಿ ಐತ್ರಿ. ಅದಕ್ಕ ಮೊದಲಿಂದ ಅಲ್ಲೇ ಮನಿ. ಈಗ ಕೆಳಗಿನವೂ ಅಲ್ಲಿಗೇ ಬರಾಕತ್ತಾವ. ಅದು ಎಲ್ಲಿಗಿ ಏರಬೇಕು?"

"ಮುಗಲಿಗಿ," ಎಂದ ಬಸಗೊಂಡಪ್ಪ.

ಈ ಸಲ ರತ್ನಾಬಾಯಿ ನಗಲಿಲ್ಲ. ಕೈಯಲ್ಲಿದ್ದ ಹೊರೆ ಕೆಳಗಿಟ್ಟಳು. "ಹೊಳಿ ಬಂದಾಗ ನಾವೆಲ್ಲಿ ಏರಿದ್ವಿ, ನೆನಪೈತೇನ್ರಿ?" ಎಂದಳು.

ಎರಡು ಸಾವಿರದ ಹತ್ತೊಂಬತ್ತರ ಶ್ರಾವಣ ಅದು. ಕೃಷ್ಣೆಯ ನೀರು ಅಂಗಳಕ್ಕೆ ಬಂತೆಂದು ಇಬ್ಬರೂ ಊರ ಶಾಲೆಗೆ ಹೋದರು. ಶಾಲೆಯ ಮೆಟ್ಟಿಲು ಮುಳುಗಿದಾಗ ಮೂರು ಎಮ್ಮೆ ಹೊಡೆದುಕೊಂಡು ಈ ದಿನ್ನೆಗೆ ಬಂದರು. ಮೊದಲೇ ಎರಡು ಮನೆಯವರು ಅಲ್ಲಿದ್ದರು. ಆಮೇಲೆ ಕೆಳಗಿನ ಓಣಿಯವರೂ ಬಂದರು. ಮೂರನೆಯ ದಿನ ನೀರೂ ಏರಿ ಕೂರಲು ಜಾಗವಿರಲಿಲ್ಲ. ಎರಡು ಎಮ್ಮೆ ಹೇಗೋ ನಿಂತವು. ಕರಿ ಎಂಬ ಮೂರನೆಯದು ಎದೆಮಟ್ಟ ನೀರಿನಲ್ಲಿತ್ತು. ಬೆಳಗಾಗುತ್ತಲೇ ಬಸಗೊಂಡಪ್ಪನೇ ಅದರ ಹಗ್ಗ ಬಿಚ್ಚಿದ. ಅದು ಈಜುತ್ತ ಹೋಯಿತು. ದಂಡೆ ಮುಟ್ಟಿದ್ದನ್ನು ಯಾರೂ ನೋಡಲಿಲ್ಲ.

"ಕರಿಗೂ ಈಜ ಬರತಿತ್ತಲ್ಲ," ಎಂದಳು ರತ್ನಾಬಾಯಿ.

ಬಸಗೊಂಡಪ್ಪ ಸುಣ್ಣದ ಡಬ್ಬಿ ನೆಲಕ್ಕಿಟ್ಟ.

"ಅವತ್ತ ಈ ಮರಾ ತಬ್ಬಿ ಏನ ಬೇಡಿಕೊಂಡ್ರಿ? ನೀರು ಇಲ್ಲಿಗೇ ನಿಲ್ಲಲಿ, ನಿನ್ನ ಸುತ್ತ ಕಟ್ಟಿ ಕಟ್ಟಸ್ತೀನಿ ಅಂದ್ರಿ. ನಿಂತಿತು. ಕಟ್ಟಿ ಎಲ್ಲೈತಿ?"

ಬಸಗೊಂಡಪ್ಪ ಮೃಣ್ಮಯಿಯ ಕಡೆ ತಿರುಗಿದ. "ಖರೆ ಹೇಳು ತಂಗಿ. ನನ್ನ ಒಂದ ಮರ ಉಳದ್ರ ಆ ಬೆಟ್ಟದ ಹಕ್ಕಿ ಉಳೀತೈತೇನು?"

"ಇಲ್ರಿ, ಸುಳ್ಳ ಯಾಕ ಹೇಳ್ಲಿ? ಈ ಮರ ಈ ದಂಡಿ ಹಕ್ಕಿಗಿ. ಬೆಟ್ಟದ ಸೆಕಿ ಎಲ್ಲಾ ಕಡಿಂದ ಏರಿದ್ದು. ಭಾಳ ಪಾಲು ದೊಡ್ಡ ದೊಡ್ಡ ಕಾರಖಾನಿ, ಗಾಡಿಗಳದು. ನಾವು ಸುಡೂ ರವದಿದು ಸಣ್ಣ ಪಾಲು. ಸಣ್ಣದಾದ್ರೂ ನಮ್ಮದೇ. ಮತ್ತ ನಮ್ಮ ಕೃಷ್ಣಿ ಹುಟ್ಟೂದು ಸಹ್ಯಾದ್ರಿಯೊಳಗ. ಹಕ್ಕಿ ಹಣ್ಣು ತಿಂದು ಬೀಜ ಉದರಿಸಿದ್ರ ಅಲ್ಲಿ ಕಾಡು. ಕಾಡಿದ್ರ ಮಳಿನೀರು ತಡದು ತಡದು ಹೊಳಿಗಿ ಇಳೀತೈತಿ."

"ರವದಿ ಸುಡದ ಏನ ಮಾಡ್ಲಿ? ತಲಿ ಮ್ಯಾಲ ಹೊರ್‍ಲೇನು?"

"ಒಂದ ಸಾಲು ಬಿಟ್ಟು ಒಂದ ಸಾಲಿಗೆ ಸರಿಸಿ ನೀರು ಹಾಯಸ್ರಿ. ಕೊಳೆತು ಗೊಬ್ಬರ ಆಗತೈತಿ, ಭೂಮಿ ಹಸಿನೂ ಹಿಡೀತೈತಿ. ಹುನ್ನೂರ ಊರಿನ ಪರಮಾನಂದ ಕಾಕಾ ಎರಡ ವರ್ಷದಿಂದ ಹಂಗೇ ಮಾಡಾಕತ್ತಾರ."

"ಅದರಾಗ ಇಲಿ ಸೇರತಾವ."

"ಇಲಿಮರಿ ತಿನ್ನೂ ಗೂಗಿ ಇದೇ ಮರದ ಪೊಟರಿಯೊಳಗ ಐತ್ರಿ. ನೀವು ಗೆರಿ ಎಳದದ್ದು ಅದರ ಮನಿ ಕೆಳಗೇ."

"ಮುಂಜಾನೆದ್ದು ಗೂಗಿ ಹೆಸರ ತಗೀತಿಯಲ್ಲ," ಎಂದು ಗೊಣಗಿದ ಬಸಗೊಂಡಪ್ಪ. ಆದರೂ ತಲೆಯೆತ್ತಿ ಪೊಟರೆ ಹುಡುಕಿದ. ಎರಡು ದುಂಡು ಕಣ್ಣು ಅವನನ್ನೇ ನೋಡುತ್ತಿದ್ದವು. ಅವನು ಜೇಬಿನಿಂದ ಫೋನ್ ತೆಗೆದ.

"ಸಾಬಣ್ಣ, ನಾಳಿಗಿ ಬರಬ್ಯಾಡೋ. ಇಲ್ಲ, ಯಾವತ್ತೂ ಬ್ಯಾಡ."

ಗೋಣಿಚೀಲ ನೆನೆಸಿ ಸುಣ್ಣದ ಗೆರೆ ಒರೆಸತೊಡಗಿದ. ಅದು ಪೂರ್ತಿ ಹೋಗಲಿಲ್ಲ.

"ಕಟ್ಟಿನೂ ಕಟ್ಟಸ್ತೀನಿ. ಹರಕಿ ತೀರಲಿ," ಎಂದ.

"ಕಲ್ಲು ಬಿಗದು ಅದರ ಬೇರಿಗಿ ಉಸಿರು ಕಟ್ಟಸಬ್ಯಾಡ್ರಿ," ಎಂದಳು ರತ್ನಾಬಾಯಿ. "ಕಡೀಲಿಲ್ಲ, ರವದಿ ಸುಡಲಿಲ್ಲ ಅಂದ್ರ ಸಾಕು. ಅದಕ್ಕ ಹರಕಿ ಮುಟ್ಟಿತು."

"ಹೌದು, ಇದರದು ಮುಟ್ಟಿತು," ಎಂದ ಬಸಗೊಂಡಪ್ಪ. "ಕರಿ ಋಣ ಮುಟ್ಟೂದಿಲ್ಲ."

ಆ ಸಂಜೆ ಅವರ ಹೊಲದಲ್ಲಿ ಹೊಗೆ ಏಳಲಿಲ್ಲ. ಇಬ್ಬರೂ ಕತ್ತಲಾಗುವವರೆಗೆ ರವದಿ ಸರಿಸಿದರು.

ಓದುವ ಅಕ್ಕ, ಅಣ್ಣ, ಈ ಸುಗ್ಗಿಯಲ್ಲಿ ನಿಮ್ಮ ಹೊಲದಲ್ಲೂ ರವದಿ ಬಿದ್ದಿರುತ್ತದೆ. ಬೆಂಕಿ ಹಚ್ಚಬೇಡಿ, ಸಾಲಿಗೆ ಸರಿಸಿ. ಒಡ್ಡಿನ ಮೇಲಿನ ಹಳೆಯ ಮರಕ್ಕೆ ಕೊಡಲಿ ಹಾಕಬೇಡಿ. ಬೆಟ್ಟದ ನೆತ್ತಿಯ ಹಕ್ಕಿಗೆ ಸೆಕೆಯೇ ಏರಿಬರುವ ಹೊಳೆ. ಅದು ಈಗ ಕೊನೆಯ ದಿನ್ನೆಯ ಮೇಲೆ ನಿಂತಿದೆ. ಹೊಳೆ ಬಂದಾಗ ನೀವು ಏರಿದ ದಿನ್ನೆ ಯಾವುದು? ಇವತ್ತೇ ಹೋಗಿ ಅದನ್ನೊಮ್ಮೆ ನೋಡಿ ಬನ್ನಿ.