ಹನ್ನೆರಡು ಬಾಟಲಿಗಳ ಬೆಳಕು

ಪಾರಿಶ್ವಾಡದ ಹನ್ನೆರಡೂ ಬಾಟಲಿಗಳು ಹೊಳೆದವು.

ಹೊಳೆಯಬಾರದಿತ್ತು. ಅವು ರೋಗವಿಲ್ಲದ ಹೆಂಗಸರ ಮೂತ್ರ. ರೋಗಿಗಳ ಮೂತ್ರದ ಜೊತೆ ಹೋಲಿಸಿ ನೋಡಲೆಂದೇ ಖಾನಾಪುರ ತಾಲೂಕಿನ ಆ ಹಳ್ಳಿಯಿಂದ ತರಿಸಿದ್ದು. ಸಂಶೋಧನಾ ವಿದ್ಯಾರ್ಥಿನಿ ಅಲಿಶಾ ಎರಡು ವರ್ಷ ಹೆಣಗಿ ತಯಾರಿಸಿದ ದ್ರಾವಣಕ್ಕೆ ಒಂದೇ ಕೆಲಸ: ಮೂತ್ರಕೋಶದ ಗಡ್ಡೆಯಿಂದ ಉದುರುವ ಒಂದು ಪ್ರೋಟೀನು ಸಿಕ್ಕರೆ ನೇರಳೆ ದೀಪದಡಿ ಹಸಿರಾಗಿ ಹೊಳೆಯುವುದು, ಸಿಗದಿದ್ದರೆ ಕಪ್ಪಗೆ ಕೂರುವುದು. ಅವಳು ದ್ರಾವಣ ಬದಲಿಸಿದಳು. ಗಾಜು ತೊಳೆದಳು. ತನ್ನದೇ ಮೂತ್ರ ಹಾಕಿ ನೋಡಿದಳು, ಕಪ್ಪು. ಮತ್ತೆ ಆ ಹನ್ನೆರಡನ್ನು ಇಟ್ಟಳು. ಕತ್ತಲೆ ಪೆಟ್ಟಿಗೆಯಲ್ಲಿ ಹನ್ನೆರಡು ಹಸಿರು ಕಣ್ಣುಗಳು ಒಟ್ಟಿಗೆ ತೆರೆದವು.

"ಬಾಟ್ಲಿ ಹೊಲಸ ಇರಬೇಕು, ಚೆಲ್ಲಿಬಿಡು," ಎಂದರು ಬೆಳಗಾವಿಯ ಪ್ರಯೋಗಾಲಯದಲ್ಲಿ ಅವಳ ಮಾರ್ಗದರ್ಶಕರಾದ ಗುರುಪುತ್ರಪ್ಪ.

"ಹೊಲಸಿದ್ರ ಒಂದೊಂದ ಥರಾ ಇರ್ತಿತ್ತು ಸರ್. ಹನ್ನೆರಡರ ಹೊಳಪೂ ಒಂದೇ ಅಳತಿ ಬರಾಕತ್ತೈತಿ. ಇದು ಒಬ್ಬಾಕಿದು."

"ಯಾರದು?"

ಅದೇ ಗೊತ್ತಿರಲಿಲ್ಲ. ಬಾಟಲಿಗಳ ಮೇಲೆ ಬರೆದ ಹನ್ನೆರಡು ಹೆಸರುಗಳ ಹಿಂದೆ ಒಬ್ಬಳು ಕೂತಿದ್ದಳು. ತನ್ನೊಳಗೇನಿದೆ ಎಂದು ಅವಳಿಗೂ ಗೊತ್ತಿರಲಿಕ್ಕಿಲ್ಲ.

ಮರುದಿನ ಅಲಿಶಾ ನೇರಳೆ ಬೆಳಕಿನ ಕೈದೀಪ, ದ್ರಾವಣ, ಹೊಸ ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು. ಪೀರನವಾಡಿ ದಾಟುವವರೆಗೂ ಕೂರಲು ಜಾಗ ಸಿಗಲಿಲ್ಲ.

ಪಾರಿಶ್ವಾಡದಲ್ಲಿ ಮಹಿಳಾ ಸಂಘದ ಮುಖಂಡೆ ಫಕೀರವ್ವ ತನ್ನ ಮನೆ ಬಾಗಿಲಲ್ಲೇ ಸಿಕ್ಕಳು. ಐವತ್ತು ದಾಟಿದ ಗಟ್ಟಿ ಹೆಂಗಸು. ಹೋದ ಸಲ ಬಾಟಲಿ ಹಂಚಿ, ಕೂಡಿಸಿ ಕಳಿಸಿದವಳು ಅವಳೇ.

"ಮತ್ತ ಉಚ್ಚಿಗೆ ಬಂದೇನ ತಂಗಿ? ಬೆಳಗಾವ್ಯಾಗ ಅದಕ್ಕೂ ಬರ ಬಿದ್ದೈತೇನು?"

"ಈ ಸಲ ನಾ ಇದ್ದಾಗನ ಎಲ್ಲಾರೂ ಹಿತ್ತಲಕ್ಕ ಹೋಗಿ ತರಬೇಕ್ರಿ, ಯವ್ವಾ."

ಫಕೀರವ್ವನ ನಗೆ ನಿಂತಿತು. ಆದರೂ ಓಣಿಯ ಹೆಂಗಸರನ್ನು ಕರೆದಳು. ಅವರಲ್ಲಿ ಹೊಸದಾಗಿ ಮದುವೆಯಾಗಿ ಬಂದಿದ್ದ ಸಾಕ್ಷಿ ಕೇಳಿದಳು: "ನೋಡಿದಮ್ಯಾಲ ನಮಗ ವಾಪಸ್ ಕೊಡ್ತೀರೇನ್ರಿ?"

"ನಿಮ್ಮ ಕೈಲೇನ ಇಲ್ಲೇ ಚೆಲ್ಲೂಣು."

ಆಗ ಒಪ್ಪಿದರು. ಫಕೀರವ್ವನ ಒಳಕೋಣೆಯ ಬಾಗಿಲು ಮುಚ್ಚಿ, ಮಧ್ಯಾಹ್ನದ ಬಿಸಿಲನ್ನು ಹೊರಗಿಟ್ಟು, ಅಲಿಶಾ ಒಂದೊಂದೇ ಬಾಟಲಿಗೆ ದ್ರಾವಣ ಹನಿಸಿ ದೀಪ ಹಿಡಿದಳು. ಕಪ್ಪು. ಕಪ್ಪು. ಹನ್ನೊಂದೂ ಕಪ್ಪು.

"ಇನ್ನೊಂದು ಯಾರದ್ರಿ?"

ಹೆಂಗಸರು ಫಕೀರವ್ವನ ಮುಖ ನೋಡಿದರು. ಕೊನೆಗೆ ಸಾಕ್ಷಿ ಬಾಯಿಬಿಟ್ಟಳು. "ಹೋದ ಸಲ ನಾವ ಯಾರೂ ಕೊಟ್ಟಿರಲಿಲ್ರಿ. ಕೂದಲಾ, ಉಗರಾ, ಉಚ್ಚಿ ಗುರ್ತಿಲ್ಲದವ್ರ ಕೈಗೆ ಕೊಟ್ರ ಮಾಟ ಮಾಡ್ತಾರಂತ ನಮ್ಮತ್ತಿ ಬಿಡಲಿಲ್ಲ. ಯಾರ ಮನ್ಯಾಗೂ ಬಿಡಲಿಲ್ಲ."

"ನನಗ್ಯಾವ ಮಾಟ ತಾಗತೈತಿ ಅಂತ ನಾನ ತುಂಬಿದ್ನಿ," ಎಂದಳು ಫಕೀರವ್ವ. "ಮುಂಜಾನಿ ಒಂದ ಸಲಕ್ಕ ಹನ್ನೆರಡೂ. ಸಂಘದ ಮಾತು ಹೋಗಬಾರದಂತ. ಯಾಕ, ಕೆಟ್ಟಿತ್ತೇನು?"

ಅಲಿಶಾ ಖಾಲಿ ಉಳಿದ ಬಾಟಲಿ ಚಾಚಿದಳು. ಫಕೀರವ್ವ ಹಿತ್ತಲಿಗೆ ಹೋಗಿ ಬಂದಳು.

ದೀಪ ಹಿಡಿದೊಡನೆ ಬಾಟಲಿಯ ತಳದಿಂದ ಹಸಿರು ಮೇಲೇರಿತು. ಫಕೀರವ್ವನ ಗದ್ದ, ಮೂಗುತಿ, ಕಣ್ಣಿನ ಗುಳಿಗಳು ಮಾತ್ರ ಕತ್ತಲಲ್ಲಿ ಕಂಡವು. ಹಿಂದೆ ಯಾರೋ ಗೊಣಗಿದರು: "ಮಾಟ ಅಂತ ನಮ್ಮತ್ತಿ ಸುಳ್ಳ ಹೇಳಿದ್ಲೇನು?"

"ಮಾಟ ಅಲ್ರಿ ಇದು. ಗಡ್ಡಿ ಇರಬಹುದು, ಇಲ್ಲದನೂ ಇರಬಹುದು. ದವಾಖಾನ್ಯಾಗ ನೋಡಸಬೇಕು. ಉಚ್ಚ್ಯಾಗ ರಕ್ತಾ ಹೋಗಿತ್ತೇನ್ರಿ, ಯವ್ವಾ?"

"ಎರಡ ಸಲ." ಫಕೀರವ್ವ ಬಾಟಲಿಯಿಂದ ಕಣ್ಣು ತೆಗೆಯಲಿಲ್ಲ. "ಇಷ್ಟ ದಿನ ಇದು ನನ್ನೊಳಗ ಉರ್ಯಾಕತ್ತಿತ್ತೇನು?" ಸೆರಗು ಸೊಂಟಕ್ಕೆ ಸಿಕ್ಕಿಸಿ ಕೇಳಿದಳು: "ಯಾವಾಗ ಹೋಗೂಣು?"

"ಈಗ. ನನ್ನ ಕೂಡ."

ಫಕೀರವ್ವ ಚಿಲಕ ತೆಗೆದಳು. ಬಿಸಿಲು ಒಳಗೆ ಬಿತ್ತು. ಅವಳು ಹೆಜ್ಜೆಯಿಟ್ಟಾಗ ಹನ್ನೊಂದು ಹೆಂಗಸರೂ ಸೆರಗು, ನಿರಿಗೆ ಅವಳಿಗೆ ತಾಗದಂತೆ ಬಿಗಿಹಿಡಿದು ಗೋಡೆಗೆ ಅಂಟಿದರು. ದಾರಿ ಎರಡು ಎತ್ತು ಹೋಗುವಷ್ಟು ಅಗಲವಾಯಿತು. ಸಾಕ್ಷಿಯೂ ಅವರಲ್ಲಿದ್ದಳು.

"ಹೊರಗ ಬಂದಮ್ಯಾಲ ಬಾಗಲಾ ಹಾಕ್ರೆವ್ವಾ," ಎಂದಳು ಫಕೀರವ್ವ, ತಿರುಗಿ ನೋಡದೆ. "ಬೆಕ್ಕ ಬರತೈತಿ."

ಅವಳು ಮುಟ್ಟಿದ ಚಿಲಕಕ್ಕೆ ಯಾರೂ ಕೈ ಹಚ್ಚಲಿಲ್ಲ.